ಒರೆಸಿಟ್ಟ ಇಂಜಿನ್ನು

ದಿತಿರೊ ಯಾರನ್ನೂ ಸುಲಭಕ್ಕೆ ನಂಬುವವನಲ್ಲ. ಮಾವುನ್ ವಿಮಾನ ನಿಲ್ದಾಣದ ತಗಡಿನ ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷದಿಂದ ಸಣ್ಣ ವಿಮಾನಗಳ ಇಂಜಿನ್ ಬಿಚ್ಚಿ ಕಟ್ಟುತ್ತಿದ್ದ. ಬೇರೆಯವರು ಬಿಗಿ ಮಾಡಿದ ಬೋಲ್ಟನ್ನು ಇನ್ನೊಮ್ಮೆ ತಿರುವಿ ನೋಡದೆ ಬಿಡುತ್ತಿರಲಿಲ್ಲ. ಚಹಾಕ್ಕೆ ಸಕ್ಕರೆ ಹಾಕಿದ್ದೇನೆಂದು ಹೆಂಡತಿ ಹೇಳಿದರೂ ಚಮಚ ಅದ್ದಿ ನೆಕ್ಕುತ್ತಿದ್ದ.

ಈಗ ಅವನ ಅನುಮಾನಕ್ಕೆ ಸಿಕ್ಕಿದ್ದು ಪ್ರವಾಸಿಗರನ್ನು ಹೊರುವ ಆರು ಸೀಟಿನ ಒಂದು ವಿಮಾನ. ಎರಡು ಗಂಟೆ ಹಾರಿದರೆ ಒಂದು ಲೀಟರ್ ಎಣ್ಣೆ ಮಾಯ. ಎಲ್ಲಿಂದ ಸೋರುತ್ತದೋ ಗೊತ್ತಿಲ್ಲ. ನೆಲದ ಮೇಲೆ ಓಡಿಸಿದರೆ ಒಂದು ಹನಿಯೂ ಇಲ್ಲ. ಆ ಎಣ್ಣೆ ಕಾದ ಹೊಗೆಕೊಳವೆಯ ಮೇಲೆ ಬಿದ್ದರೆ ಒಳಗಿದ್ದವರು ಬೆಂದುಹೋಗುತ್ತಾರೆ. ವಿಮಾನ ಹಾರಲು ಯೋಗ್ಯವೆಂದು ದಿನಾ ಬೆಳಗ್ಗೆ ಸಹಿ ಹಾಕುವವನು ಅವನೇ.

ಇಂಜಿನ್ನನ್ನು ಪೆಟ್ರೋಲಿನಿಂದ ತೊಳೆದು, ಒಣಗಿಸಿ, ಮಕ್ಕಳ ಪೌಡರ್ ಉದುರಿಸಿ ಹಾರಾಟಕ್ಕೆ ಕಳಿಸಿದ. ಎಣ್ಣೆ ಒಸರಿದರೆ ಪೌಡರಿನ ಮೇಲೆ ಕಪ್ಪು ಗೆರೆ ಮೂಡಬೇಕು. ಸಂಜೆ ನೋಡಿದರೆ ಗೆರೆಯೂ ಇಲ್ಲ, ಪೌಡರೂ ಇಲ್ಲ. ಇಂಜಿನ್ನು ತಟ್ಟೆಯ ಹಾಗೆ ಹೊಳೆಯುತ್ತಿತ್ತು.

"ಒರೆಸಿದ್ದು ನೀನೇ ತಾನೇ?" ಎಂದು ಪೈಲಟ್ ಮೊಲೆಫಿಯನ್ನು ಕೇಳಿದ. "ಗಾಡಿ ನಿಂತ್ರೆ ಹಾರಾಟದ ಗಂಟೆ ಕಮ್ಮಿಯಾಗತ್ತೆ, ದೊಡ್ಡ ವಿಮಾನದ ಕೆಲಸ ಕೈತಪ್ಪತ್ತೆ ಅಂತ?"

"ಅಯ್ಯೋ ಮಾಮಾ, ನನ್ನ ಬೂಟೇ ನಾನು ಒರೆಸಲ್ಲ, ಇಂಜಿನ್ ಒರೆಸ್ತೀನಾ?"

ಬೂಟು ನೋಡಿದರೆ ನಿಜವೆನಿಸುತ್ತಿತ್ತು. ಆದರೂ ಮರುದಿನ ಮತ್ತೆ ಪೌಡರ್ ಹಾಕಿ, ತಾನೂ ಹತ್ತಿ ಕೂತ. ದಾರಿಯುದ್ದಕ್ಕೂ ಅವನ ಕಣ್ಣು ಮೊಲೆಫಿಯ ಕೈಮೇಲೇ ಇತ್ತು.

ನಡುಗಡ್ಡೆಯ ಪ್ರವಾಸಿ ಶಿಬಿರದ ಮಣ್ಣಿನ ರನ್‌ವೇ ಮೇಲೆ ವಿಮಾನ ಇಳಿಸಿದ ಮೊಲೆಫಿ, ತಣಿಯಲೆಂದು ಇಂಜಿನ್ನಿನ ಮುಚ್ಚಳ ತೆರೆದಿಟ್ಟು ಊಟಕ್ಕೆ ಹೋದ. ದಿತಿರೊ ಪೊದೆಯ ಹಿಂದೆ ಕಾದ. ಸ್ವಲ್ಪ ಹೊತ್ತಿಗೆ ಶಿಬಿರದ ಕಡೆಯಿಂದ ಬಂದಳು ಮ್ಮಾ ಕೆಬೊನ್ಯೆ, ಎಲ್ಲರೂ ಅಮ್ಮಾ ಎಂಬಂತೆ 'ಮ್ಮಾ' ಎಂದು ಕರೆಯುವ, ಅಲ್ಲಿನ ಕಸ ಗುಡಿಸುವ ಮುದುಕಿ. ಕೈಯಲ್ಲಿ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ. ಸೀದಾ ಇಂಜಿನ್ನಿಗೇ ಕೈ ಹಾಕಿದಳು.

"ಮ್ಮಾ, ಮುಟ್ಬೇಡ!"

ಮುದುಕಿ ಬೆಚ್ಚಿಬಿದ್ದಳು. "ಯಾಕಪ್ಪಾ, ಆನೆ ಬಂದ ಹಾಗೆ ಬರ್ತೀಯ! ಜಿಡ್ಡು ಕಂಡ್ರೆ ಬಿಳಿಯರು ಹೆದರಿ ಹತ್ತಲ್ವಂತೆ. ಒರೆಸಿಡು ಅಂತ ಶಿಬಿರದೋರು ಅಂದಿದಾರೆ, ಒರೆಸ್ತೀನಿ. ಎರಡು ವಾರ ಆಯ್ತು. ಈ ಪೌಡರ್ ಚೆಲ್ಲಿದ ಕೊಳಕ ಯಾರು?"

"ನಾನೇ" ಎಂದು ದಿತಿರೊ ಬಗ್ಗಿ ನೋಡಿದ.

ಬಿಳಿಯ ಮೇಲೆ ಕಪ್ಪು ಗೆರೆ ಸ್ಪಷ್ಟವಾಗಿತ್ತು. ಮೂರನೇ ಸಿಲಿಂಡರಿನ ಮುಚ್ಚಳದ ಅಂಚಿನಿಂದ ಹೊರಟು ಹೊಗೆಕೊಳವೆಗೆ ನಾಲ್ಕು ಬೆರಳು ಮೇಲೆ ನಿಂತಿತ್ತು. ಬಿಗಿ ವಿಪರೀತವಾಗಿ ಮುಚ್ಚಳದಡಿ ಎಣ್ಣೆ ಸೋರದಂತೆ ತಡೆಯುವ ಗ್ಯಾಸ್ಕೆಟ್ಟು ಹಿಸುಕಿಕೊಂಡು ಹೊರಗೆ ಇಣುಕುತ್ತಿತ್ತು. ಹೋದ ತಿಂಗಳು ಅದನ್ನು ಕೂರಿಸಿದ್ದು ದಿತಿರೊ. ಸಾಲದೆಂದು ಮತ್ತೊಮ್ಮೆ ತಿರುವಿದ್ದೂ ಅವನೇ. ತನ್ನ ಕೈಯನ್ನೂ ಅವನು ನಂಬಿರಲಿಲ್ಲ.

ಊಟ ಮುಗಿಸಿ ಬಂದ ಮೊಲೆಫಿಗೆ ವಿಷಯ ಅರ್ಥವಾಯಿತು. "ಹದಿನೈದೇ ನಿಮಿಷದ ದಾರಿ ಮಾಮಾ. ನಾವಿಬ್ಬರೇ ಹೋಗೋಣ. ಶೆಡ್ಡಲ್ಲಿ ಸದ್ದಿಲ್ಲದೆ ಬದಲಾಯಿಸಿಬಿಡಿ. ನಾನು ಬಾಯಿ ಬಿಡಲ್ಲ."

ದಿತಿರೊ ಅವನ ಮುಖವನ್ನೇ ನೋಡಿದ. ಬಾಯಿ ಬಿಡುವವನಲ್ಲ ಎನಿಸಿತು. ಆ ಗೆರೆಯನ್ನೂ ನೋಡಿದ. ಆಮೇಲೆ ನಿಲ್ದಾಣದವರಿಗೆ ಹೇಳಲು ರೇಡಿಯೋ ಎತ್ತಿಕೊಂಡ. "ಪ್ರವಾಸಿಗರಿಗೆ ಬೇರೆ ವಿಮಾನ ಕಳಿಸಿ, ಒಂದು ಗ್ಯಾಸ್ಕೆಟ್ಟೂ ಕಳಿಸಿ. ಸೋರಿಕೆ ಸಿಕ್ತು. ತಪ್ಪು ನಂದು, ದಿತಿರೊನ್ದು, ಹಾಗೇ ಬರ್ಕೊಳ್ಳಿ."

ಗ್ಯಾಸ್ಕೆಟ್ಟು ಬಂದಾಗ ಅದನ್ನು ಕೂರಿಸಿ, ಬಿಗಿ ಅಳೆಯುವ ಸ್ಪ್ಯಾನರಿನ ಮುಳ್ಳನ್ನು ಮೊಲೆಫಿಗೆ ತೋರಿಸಿದ. "ಇದು ಗುರುತಿಗೆ ಬಂದ ಕೂಡಲೇ ನಿಲ್ಸು ಅಂತ ಕೂಗು" ಎಂದು ಬೋಲ್ಟು ತಿರುವತೊಡಗಿದ.

"ನಿಲ್ಸಿ!" ಎಂದ ಮೊಲೆಫಿ.

ದಿತಿರೊ ಸ್ಪ್ಯಾನರ್ ತೆಗೆಯಲಿಲ್ಲ. "ಸರಿಯಾಗಿ ನೋಡಿದ್ಯಾ?"

"ಸಾಕು ಕೈ ತೆಗಿಯಪ್ಪಾ!" ಎಂದು ಹಿಂದಿನಿಂದ ಗದರಿದಳು ಮುದುಕಿ.

ಅವನು ಕೈ ತೆಗೆದ.