ತವರಿನ ಓಟು

ಪಾರ್ಲಿಮೆಂಟಿಗೆ ಆರಿಸಿ ಹೋದವರು ಅವಧಿ ಮುಗಿಯುವ ಮೊದಲೇ ಸತ್ತರೆ ಅವರ ಕುರ್ಚಿ ಏನಾಗುತ್ತದೆ? ನನ್ನ ತವರಿನ ಕಡೆಯ ಸಂಸದರು ತೀರಿಕೊಂಡ ಸುದ್ದಿ ಬಂದ ದಿನ ದುಃಖಕ್ಕಿಂತ ಮೊದಲು ನನಗೆ ಹುಟ್ಟಿದ್ದು ಈ ಪ್ರಶ್ನೆ. ಗೋವಾದ ಝುವಾರಿನಗರದ ಓಣಿಯೊಂದರಲ್ಲಿ ಕುಪ್ಪಸ ಹೊಲಿಯುವವಳು ನಾನು. ಕೈಗೆ ಕೆಲಸವಿದ್ದರೂ ತಲೆ ಸುಮ್ಮನಿರುವುದಿಲ್ಲ. ಅಳತೆ ಕೊಡಲು ಬಂದವರನ್ನೆಲ್ಲ ಕೇಳಿದೆ. ಮುಂದಿನ ದೊಡ್ಡ ಚುನಾವಣೆಯ ತನಕ ಖಾಲಿ ಇರುತ್ತದೆ ಎಂದರು ಕೆಲವರು. ಸೋತವನನ್ನು ಕರೆದು ಕೂರಿಸುತ್ತಾರೆ ಎಂದಳು ಪಕ್ಕದ ಮನೆಯ ಚಾಚಿ. ನನ್ನ ಗಂಡನದು ಮಾತ್ರ ಕಡ್ಡಿ ಮುರಿದಂಥ ಉತ್ತರ. ಕಾರ್ಖಾನೆಯಲ್ಲಿ ಕಾಯಂ ಆಳು ಸತ್ತರೆ ಮನೆಯವರಿಗೆ ಕೆಲಸ ಕೊಡುತ್ತಾರಲ್ಲ, ಇದೂ ಹಾಗೇ, ಅವರ ಮನೆಯವರು ಯಾರಾದರೂ ಹೋಗಿ ಕೂರುತ್ತಾರೆ ಎಂದ. ದಿನವೆಲ್ಲ ಚೀಲ ಹೊತ್ತು ಬಂದವನ ಜೊತೆ ವಾದ ಯಾಕೆಂದು ಬಿಟ್ಟೆ.

ಕೊನೆಗೆ ಫೋನಿನಲ್ಲಿ ತಿಳಿಸಿದವಳು ವೈನಿ, ನನ್ನ ಅಣ್ಣನ ಹೆಂಡತಿ. ಹೊಸಬರನ್ನು ಆರಿಸಲು ಉಪಚುನಾವಣೆಯಂತೆ, ಅದೂ ನಮ್ಮ ಕ್ಷೇತ್ರಕ್ಕೆ ಮಾತ್ರ. ಅಷ್ಟು ದೊಡ್ಡ ಸಭೆ ಒಂದೇ ಒಂದು ಕುರ್ಚಿ ತುಂಬಲೆಂದು ನಮ್ಮೂರ ಕಡೆ ನೋಡುತ್ತಿದೆ ಎಂದರೆ ಸೋಜಿಗವಲ್ಲವೇ? ಹಾಗಿದ್ದರೆ ಈ ಸಲ ನಾನೂ ಓಟು ಹಾಕಬಹುದು ಎಂದು ಹೊಳೆದಾಗ ಸೂಜಿ ಕೈಗೆ ಚುಚ್ಚಿತು.

ಯಾಕೆಂದರೆ ನಾನು ಒಮ್ಮೆಯೂ ಹಾಕಿರಲಿಲ್ಲ. ಹೆಸರು ತವರಿನ ಪಟ್ಟಿಯಲ್ಲಿತ್ತು. ಮದುವೆಯಾಗಿ ನೇರ ಗೋವಾಕ್ಕೆ ಬಂದೆ, ಅದನ್ನು ಬದಲಿಸುವ ಯೋಚನೆ ಯಾರಿಗೂ ಬರಲಿಲ್ಲ. ಪ್ರತಿ ಚುನಾವಣೆಗೂ ಇಲ್ಲಿಂದ ಗಂಡನ ಊರಿಗೆ ಬಸ್ಸು ಹೊರಡುತ್ತದೆ, ನಾನೂ ಹತ್ತುತ್ತಿದ್ದೆ. ಆತ ಓಟು ಹಾಕಿ ಬರುವಷ್ಟರಲ್ಲಿ ನಾನು ಅತ್ತೆಯ ಮನೆಯಲ್ಲಿ ರೊಟ್ಟಿ ಬಡಿದು ಮುಗಿಸಿರುತ್ತಿದ್ದೆ. ಅದೇ ದಿನ ತವರಿನಲ್ಲೂ ಮತದಾನ, ಅದು ಅರ್ಧ ದಿನದ ಹಾದಿ. ನನ್ನ ಓಟಿನ ಬಗ್ಗೆ ಯಾರೂ ಕೇಳುತ್ತಿರಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು, ರೊಟ್ಟಿಯ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಈ ಸಲ ಗಂಡನ ಊರಿನಲ್ಲಿ ಮತದಾನವಿಲ್ಲ, ನನ್ನ ತವರಿನಲ್ಲಿ ಮಾತ್ರ.

"ಒಂದ್ ಓಟಿಗೆ ಅಷ್ಟ ದೂರ ಹೊಂಟಿಯಲ್ಲ, ಹುಚ್ಚು ಹಿಡದೈತೇನು?" ಎಂದ ಗಂಡ.

"ಹಿಡದೈತ್ರಿ. ಎರಡು ದಿನ ಅಡಗಿ ನೀವ ಮಾಡ್ಕೋರಿ" ಎಂದೆ.

ತವರಿಗೆ ಸುದ್ದಿ ಕೊಡಲಿಲ್ಲ, ಎಲ್ಲರೂ ಬೆರಗಾಗಲಿ ಎಂದು. ಮಧ್ಯಾಹ್ನ ಬಸ್ಸಿಳಿದವಳು ಬ್ಯಾಗಿನ ಸಮೇತ ಮತಗಟ್ಟೆಗೆ ನಡೆದೆ. ನಾನು ಕಲಿತ ಶಾಲೆಯೇ ಅದು. ಪಾಳಿಯಲ್ಲಿ ನಿಂತಾಗ ಮದುವೆಯ ದಿನಕ್ಕಿಂತ ಹೆಚ್ಚು ಖುಷಿ. ಒಳಗಿದ್ದ ಸಿಬ್ಬಂದಿ ಪಟ್ಟಿಯಲ್ಲಿ ನನ್ನ ಹೆಸರು ಹುಡುಕಿ, "ನಿಮ್ದು ಮುಂಜಾನಿನ ಹಾಕಿ ಆಗೇತಲ್ರಿ" ಎಂದ. ಪಕ್ಷದ ಏಜೆಂಟಾಗಿ ಕೂತಿದ್ದ ನಮ್ಮ ಓಣಿಯ ಮುದುಕ ಮುಸಿಮುಸಿ ನಕ್ಕು ನನ್ನ ಕಿವಿಯಲ್ಲಿ ಉಸುರಿದ: ನನ್ನ ಓಟು ಯಾವ ಸಲವೂ ತಪ್ಪಿಲ್ಲವಂತೆ, ವೈನಿ ಬಂದು ಹಾಕಿಯೇ ಹೋಗುತ್ತಾಳಂತೆ.

ಮೈ ಉರಿದುಹೋಯಿತು. ಇಲ್ಲಿಂದ ಕದಲುವುದಿಲ್ಲ ಎಂದು ಹಟ ಹಿಡಿದೆ. ಅಧಿಕಾರಿ ನಾಲ್ಕು ಪ್ರಶ್ನೆ ಕೇಳಿ, ನಾನು ನಾನೇ ಎಂದು ಒಪ್ಪಿ, ಮಷಿನ್ನಿನ ಬದಲು ಕಾಗದದ ಮತಪತ್ರ ಕೊಟ್ಟರು. ಮುದ್ರೆ ಒತ್ತಿ ಮಡಚಿ ಕೊಟ್ಟೆ. ಬೇರೆಯೇ ಲಕೋಟೆಗೆ ಹಾಕಿದರು. ಇದನ್ನು ಎಣಿಸುತ್ತೀರಾ ಎಂದು ಕೇಳಿದರೆ, ಇಲ್ಲ, ತಕರಾರು ಕೋರ್ಟಿಗೆ ಹೋದರೆ ಮಾತ್ರ ಎಂದರು. ಪಾಪ, ಸುಳ್ಳು ಹೇಳಲಿಲ್ಲ.

ಮನೆಗೆ ಹೋದವಳೇ ವೈನಿಯ ಮೇಲೆ ಹರಿಹಾಯ್ದೆ. ಅಣ್ಣ ಹೊರಗೆ ಹೋಗಿದ್ದ. ಓಟು ಬೀಳದಿದ್ದರೆ ಸತ್ತವರೆಂದು ಹೆಸರು ಹೊಡೆದುಹಾಕುತ್ತಾರೆ ಎಂದು ಆಕೆಗೆ ಯಾರೋ ಹೇಳಿದ್ದರು. ಅದಕ್ಕೇ ತನ್ನದು ಹಾಕಿ, ಬೆರಳಿನ ಶಾಯಿ ಒಣಗುವ ಮೊದಲೇ ಒರೆಸಿಕೊಂಡು ಬಂದು, ಸೀರೆ ಬದಲಿಸಿ, ಮತ್ತೆ ಹೋಗಿ ನನ್ನದು ಹಾಕುತ್ತಿದ್ದಳು.

"ನಂದು ಯಾರಿಗಿ ಹಾಕ್ತಿದ್ದಿ?" ಎಂದು ಕೇಳಿದೆ.

ವೈನಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ನಂದು ನಿಮ್ಮಣ್ಣ ಹೇಳಿದವರಿಗಿ. ನಿಂದು ನನಗ ಬೇಕಾದವರಿಗಿ."

ಒಳಗೆ ಯಾರೂ ನೋಡುವುದಿಲ್ಲ, ನಿನ್ನದನ್ನೂ ನಿನಗೆ ಬೇಕಾದವರಿಗೆ ಹಾಕು ಎಂದು ಹೇಳಿದೆ. ಅಣ್ಣ ಮನೆಗೆ ಬಂದು ಕೇಳುತ್ತಾನೆ, ಅವನೆದುರು ಸುಳ್ಳು ಹೇಳಲು ತನಗೆ ಬರುವುದಿಲ್ಲ ಎಂದಳು. ಇಡೀ ಮತಗಟ್ಟೆಯ ಕಣ್ಣಿಗೆ ಮಣ್ಣೆರಚಿದವಳ ಮಾತು ಇದು! ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಫಲಿತಾಂಶ ಬಂತು, ದಿಲ್ಲಿಯ ಕುರ್ಚಿ ತುಂಬಿತು. ನನ್ನ ಹೆಸರಿನಲ್ಲಿ ವೈನಿ ಹಾಕಿದ್ದೂ ನಾನು ಹಾಕಿದ್ದೂ ಒಬ್ಬರಿಗೇ, ಅವರು ಸೋತರು. ನಾನು ತಡಮಾಡದೆ ಹೆಸರನ್ನು ಝುವಾರಿನಗರದ ಪಟ್ಟಿಗೆ ಬದಲಿಸಿಕೊಂಡೆ. ಅದು ನನ್ನ ಓಟು, ನನಗೆ ಬೇಕಿತ್ತು. ತವರಿನ ಪಟ್ಟಿಯಿಂದ ಹೆಸರು ಹೋಯಿತು ಎಂದು ವೈನಿಗೆ ಫೋನು ಮಾಡಿ ಹೇಳಿದೆ.

"ಚಲೋ ಆತು ಬಿಡು, ನೀನರ ಹಾಕು" ಎಂದಳು. "ನಂದು ಹೆಂಗೂ ನಿಮ್ಮಣ್ಣ ಹೇಳಿದವರಿಗಿ."