ಕಾಯಿ ಆರಿಸುವಾಗ ಬಂದ ಮಾತು

"ಇದ್ರಲ್ಲಿ ಇನ್ನೂ ನೀರೈತೆ ದೊಡ್ಡಮ್ಮ."

ಅಟ್ಟದಲ್ಲಿ ಒಣಗಿ ಒಳಗಿನ ನೀರು ಪೂರ್ತಿ ಇಂಗಿದ ಮೇಲಷ್ಟೇ ಸುಲಿಯುವ ಉಂಡೆ ಕೊಬ್ಬರಿಗೆಂದು ನಾನು ಆರಿಸಿಟ್ಟಿದ್ದ ಕಾಯಿಯೊಂದನ್ನು ಕಿವಿಯ ಬಳಿ ಅಲ್ಲಾಡಿಸಿ, ನನ್ನ ಮೈದುನನ ಹತ್ತು ವರ್ಷದ ಮಗಳು ಹೀಗೆಂದಳು. ತಂದೆಯು ತೆಂಗಿನ ಮರದಿಂದ ಬಿದ್ದು ತೀರಿಕೊಂಡಂದಿನಿಂದ ಸದರಿ ಬಾಲಕಿಯು ಮಾತನ್ನೇ ಬಿಟ್ಟಿದ್ದಳೆಂಬುದನ್ನು ಓದುಗರ ಗಮನಕ್ಕೆ ತರಬಯಸುತ್ತೇನೆ. ಮಾತನಾಡೆಂದು ನಾವೆಲ್ಲರೂ ಒತ್ತಾಯಿಸಿ ಸೋತಿದ್ದೆವು.

ಅವಳನ್ನು ತಬ್ಬಿಕೊಳ್ಳಲು ಎದ್ದ ನನ್ನನ್ನು ಜೊತೆಯಲ್ಲಿ ಕಾಯಿ ಆರಿಸುತ್ತಿದ್ದ ಅತ್ತೆಯವರು ಕಣ್ಣಿನಲ್ಲೇ ತಡೆದರು. ಕೆಲಸ ನಿಲ್ಲಿಸದೆ, "ಹಂಗಾರೆ ಅಟ್ಟದ ಮೇಲೇ ಇರ್ಲಿ ಬುಡವ್ವ. ನಿಮ್ಮ ದೊಡ್ಡಮ್ಮಂಗೆ ಕಿವಿ ಮಂದ. ಇದನ್ನೂ ನೋಡು" ಎಂದು ಅವಳಿಗೆ ಮತ್ತೊಂದು ಕಾಯಿ ಕೊಟ್ಟರು.

ತದನಂತರ ಅವಳನ್ನು ಮಾತಿಗಾಗಿ ಯಾರೂ ಪೀಡಿಸಲಿಲ್ಲ. ಕೆಲಸ ಮಾಡುವಾಗ ಪಕ್ಕದಲ್ಲಿ ಕೂರಿಸಿಕೊಂಡೆವು, ಅಷ್ಟೇ. ಅಪ್ಪ ಬಿದ್ದ ದಿನದ ವಿಷಯವನ್ನು ಒಂದು ಮಧ್ಯಾಹ್ನ ಅವಳೇ ಎತ್ತಿದಳು. ಅತ್ತೆಯವರು ಆಗ ಮಾತ್ರ ಕೈಯಲ್ಲಿದ್ದ ಕೆಲಸವನ್ನು ಬದಿಗಿಟ್ಟರು.