ಭಂಗಿಯಂಥಾದ್ದು

ಆಕೆಯ ಬಲಗಿವಿಯ ಮೇಲೆ ಯಾವಾಗಲೂ ಸೆಗಣಿ ಒಣಗಿರುತ್ತಿತ್ತು. ನಮ್ಮ ದನದ ಡಾಕ್ಟರಮ್ಮ. ಕಿವಿಗೆ ಹಚ್ಚುವ ಕೊಳವೆ ಕೊರಳಲ್ಲಿ ಜೋತಾಡುತ್ತಿದ್ದರೂ ಮೊದಲು ಬರಿಗಿವಿಯನ್ನೇ ಆಕಳ ಎಡಪಕ್ಕೆಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ನಡುವೆ ಯಾರಾದರೂ ಬಾಯಿ ಹಾಕಿದರೆ, "ಸುಮ್ನಿರ್ರಿ, ಆಕಿ ಮಾತಾಡಾಕತ್ತಾಳ" ಎಂದು ಗದರುತ್ತಿದ್ದಳು. ಆಕಿ ಎಂದರೆ ಆಕಳು.

ನಮ್ಮೂರು ರಾರಾವಿಯಲ್ಲಿ ನನಗಿದ್ದದ್ದು ಒಂದೇ ಆಕಳು. ಅದರ ಹಾಲು ಡೇರಿಗೆ ಹೋದರೆ ನನ್ನ ಒಲೆ ಉರಿಯುತ್ತಿತ್ತು. ಒಮ್ಮೆ ಅದು ಭೇದಿ ಹತ್ತಿ, ಉಚ್ಚಿಕೊಂಡು ಉಚ್ಚಿಕೊಂಡು ಮಲಗಿಬಿಟ್ಟಿತು. ಭೇದಿ ಕಟ್ಟಲೆಂದು ನನ್ನ ಮೈದುನ ಭಂಗಿ ಸೊಪ್ಪು, ಅದೇ ಗಾಂಜಾ ಎಲೆ, ಅರೆದು ತಂದ. ಡಾಕ್ಟರಮ್ಮ ಅವನ ಕೈ ಹಿಡಿದಳು.

"ಹಾಕಬ್ಯಾಡ್ರಿ. ಕರುಳಿಗೆ ಉರಿ ಎದ್ರ ಆರಸಾಕ ಭಂಗಿಯಂಥಾದ್ದನ್ನ ಆಕಳ ಮೈ ತಾನ ಹುಟ್ಟಿಸಿಕೊಂತೈತಿ. ಅದರ ಮ್ಯಾಲ ನೀವೂ ಸುರುವಿದ್ರ ಹೊಟ್ಟಿ ಕೆಲಸಾನ ನಿಂದರ್ತೈತಿ. ಮನಷ್ಯಾರ ಮೈಯಾಗೂ ಅಂಥಾದ್ದು ಐತಿ."

"ನನ್ನ ಮೈಯಾಗೂ?"

"ನಿನ್ನ ಮೈಯಾಗೂ ಬೇ ಅಜ್ಜಿ."

"ಮತ್ತ ಈ ಮೈದುನನ್ನ ಕಂಡ್ರ ನನ್ನ ಉರಿ ಆರವಲ್ದಲ್ಲ!"

ಆಕೆ ನಕ್ಕಳು. ಉಪ್ಪು ಬೆಲ್ಲದ ನೀರು ಕುಡಿಸುತ್ತ ಕೂತಳು. ಆಕಳು ಎದ್ದು ಮೆಲುಕು ಹಾಕಿತು.

ಮೈದುನ ಸುಮ್ಮನಿರದೆ ಆ ಮಾತನ್ನು ಊರಿಗೆಲ್ಲ ಹಂಚಿದ. ನನ್ನ ಅಂಗಳದಿಂದ ಡೇರಿ ಮುಟ್ಟುವಷ್ಟರಲ್ಲಿ 'ಅಂಥಾದ್ದು' ಉದುರಿಹೋಗಿ ಬರೀ ಭಂಗಿ ಉಳಿಯಿತು. ಡೇರಿಯವನು ನನ್ನ ಕ್ಯಾನು ಮುಟ್ಟಲಿಲ್ಲ.

"ಭಂಗಿ ಹಾಲು ನಮಗ ಬ್ಯಾಡ. ಡಾಕ್ಟ್ರೇ ಹೇಳ್ಯಾರಂತಲ್ಲ."

ಊರ ಹಿರಿಯರು ಡಾಕ್ಟರಮ್ಮನನ್ನು ಡೇರಿಗೆ ಕರೆಸಿ, "ನಾ ಹಂಗ ಅಂದೇ ಇಲ್ಲ ಅಂದ್ಬಿಡ್ರಿ ಮೇಡಂ, ಮುಗೀತು" ಎಂದರು. ಆಕೆ ಒಂದು ಸುಳ್ಳು ಹೇಳಿದ್ದರೆ ನನ್ನ ಹಾಲು ಆಗಲೇ ಡೇರಿಗೆ ಸೇರುತ್ತಿತ್ತು. ಹೇಳಲಿ ಎಂದೇ ನಾನೂ ನಿಂತಿದ್ದೆ.

"ಅಂದೀನಿ. ಐತಿ. ಆಕಳ ಹೊಟ್ಟ್ಯಾಗ ಇಟ್ಟಾಕಿ ನಾನಲ್ಲ, ತಗಿ ಅಂತ ನನ್ನ ಕೇಳಬ್ಯಾಡ್ರಿ." ಡೇರಿಯವನ ಡೊಳ್ಳಿನ ಕಡೆ ಬೆರಳು ಮಾಡಿದಳು. "ನಿಮ್ಮ ಹೊಟ್ಟ್ಯಾಗೂ ಐತ್ರಿ. ನಿಮ್ಮನ್ನೂ ವಾಪಸ್ ಕಳಸೂನೇನು?"

ಸಾಲಿನಲ್ಲಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು. ಅವನು ಮುಖ ಗಂಟು ಹಾಕಿಕೊಂಡೇ ಕ್ಯಾನು ಎತ್ತಿಕೊಂಡ.

ಆಮೇಲೆ ಆಕೆಗೆ ಬಳ್ಳಾರಿಗೆ ವರ್ಗವಾಯಿತು. ಹೋದ ವರ್ಷ ಅಲ್ಲಿನ ಗಾಂಧಿನಗರದ ಮನೆಯಲ್ಲಿ ತೀರಿಕೊಂಡಳಂತೆ. ಸುದ್ದಿ ಬಂದಾಗ ಹಾಲು ಕರೆಯುತ್ತಿದ್ದೆ, ಕರೆದು ಮುಗಿಸಿದೆ. ಆ ಆಕಳ ಮಗಳ ಎಡಪಕ್ಕೆಗೆ ದಿನಾ ಕಿವಿ ಹಚ್ಚುತ್ತೇನೆ. ದೂರದಲ್ಲಿ ಗುಡುಗಿದ ಹಾಗೆ ಕೇಳುತ್ತದೆ. ಈಗ ನನ್ನ ಕಿವಿಯ ಮೇಲೂ ಸೆಗಣಿ ಒಣಗಿರುತ್ತದೆ.

ಊರವರು ಇಂದಿಗೂ "ಭಂಗಿ ಆಕಳಾಕಿ ಬಂದ್ಲು" ಅನ್ನುತ್ತಾರೆ.

"ಭಂಗಿ ಅಲ್ಲಲೇ, ಭಂಗಿಯಂಥಾದ್ದು" ಎನ್ನುತ್ತೇನೆ. "ಹೇಳಿದ್ರ ಪೂರಾ ಹೇಳು."